ಎರಡನೇ ದಿನದ ಸೊಪ್ಪು

ನಮ್ಮ ರಾಕ್ ಬ್ಯಾಂಡು ಹುಟ್ಟಿದ್ದು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ, ಸತ್ತದ್ದೂ ಬ್ಯಾರನ್ನಿನಲ್ಲೇ. ಹುಟ್ಟಿಸಿದವನು ನಾನು, ಕೊಂದವನೂ ನಾನೇ. ಮೊದಲನೆಯದನ್ನು ಸಿಕ್ಕಸಿಕ್ಕವರ ಹತ್ತಿರ ಜಂಬ ಕೊಚ್ಚಿಕೊಂಡಿದ್ದೇನೆ. ಎರಡನೆಯದನ್ನು ಇದುವರೆಗೆ ಯಾರೆದುರೂ ಬಾಯಿಬಿಟ್ಟಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಹುಣಸೂರಿನ ಕಾಲೇಜಿನಲ್ಲಿ ಓದುತ್ತಿದ್ದ ನಾಲ್ಕು ಜನ ನಾವು. ಕಾಲೇಜಿನಲ್ಲಿ ಯಾರಿಗೂ ಹೆಸರು ಇರಲಿಲ್ಲ, ಊರೇ ಹೆಸರು. ಒಬ್ಬ ಪಿರಿಯಾಪಟ್ಟಣ, ಒಬ್ಬ ಹ್ಯಾಂಡ್‌ಪೋಸ್ಟ್, ಒಬ್ಬ ಮಿರ್ಲೆ. ನಾನು ಹುಣಸೂರಿನ ಪಕ್ಕದ ಹಳ್ಳಿಯವನು, ಎರಡು ಬ್ಯಾರನ್ ಇರುವ ಮನೆಯ ಮಗ. ಆದ್ದರಿಂದ ನನ್ನನ್ನು ಗೌಡ್ರು ಮಗನಂತೆ ಗೌರವದಿಂದ ನಡೆಸಿಕೊಳ್ಳುತ್ತಿದ್ದರು. ಗೌರವ ನನಗಲ್ಲ, ಬ್ಯಾರನ್ನಿಗೆ ಅನ್ನುವುದು ನನಗೂ ಗೊತ್ತಿತ್ತು.

ಬ್ಯಾರನ್ ನೋಡದವರಿಗೆ ಹೇಳಬೇಕು. ಕಿಟಕಿ ಇಲ್ಲದ, ದಪ್ಪ ಗೋಡೆಯ, ಎರಡಾಳೆತ್ತರದ ಕೋಣೆ ಅದು. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಮೇಲಿನಿಂದ ಕೆಳಗಿನವರೆಗೆ ಸಾಲುಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಇಟ್ಟು, ನೆಲದ ಮೇಲಿನ ತಗಡಿನ ಕೊಳವೆಗಳಲ್ಲಿ ಶಾಖ ಹರಿಸಿ ಐದಾರು ದಿನ ಬೇಯಿಸುತ್ತಾರೆ. ನಮ್ಮ ಹಳೆಯ ಬ್ಯಾರನ್ನಿನ ಕೊಳವೆ ತುಕ್ಕು ಹಿಡಿದು ಅಪ್ಪ ಅದನ್ನು ಕೈಬಿಟ್ಟಿದ್ದರು. ಒಳಗೆ ನಿಂತು ಎಷ್ಟು ಕಿರುಚಿದರೂ ಹೊರಗಿನ ಎಮ್ಮೆ ಕಿವಿ ಅಲ್ಲಾಡಿಸುತ್ತಿರಲಿಲ್ಲ. ರಾಕ್ ಬ್ಯಾಂಡಿಗೆ ಇನ್ನೇನು ಬೇಕು?

ರಾಕ್ ಹುಚ್ಚಿನ ರೋಗ ತಂದವನು ಪಿರಿಯಾಪಟ್ಟಣದವನು. ಬೈಲಕುಪ್ಪೆಯ ಟಿಬೆಟಿಯನ್ನರ ಕ್ಯಾಂಪಿನಲ್ಲಿ ಸ್ವೆಟರ್ ಅಂಗಡಿಯ ಹುಡುಗನೊಬ್ಬ ಅವನಿಗೆ ಸ್ನೇಹಿತ. ಅವನ ಹತ್ತಿರದಿಂದ ಹೆಸರು ಬರೆಯದ ಕ್ಯಾಸೆಟ್ಟುಗಳನ್ನು ತರುತ್ತಿದ್ದ. ಯಾರು ಹಾಡಿದ್ದು, ಯಾವ ದೇಶದ್ದು, ಏನು ಅರ್ಥ, ಒಂದೂ ಗೊತ್ತಿಲ್ಲ. ಯಾರೋ ಬೆನ್ನಿಗೆ ಬಾರುಕೋಲು ಬಿದ್ದವರ ಹಾಗೆ ಅರಚುತ್ತಿದ್ದರು. ನಮಗೆ ಅದು ಬಹಳ ಹಿಡಿಸಿತು. ಗಣಪತಿ ಬಿಡುವ ಮೆರವಣಿಗೆಯಲ್ಲಿ ತಮಟೆ ಬಡಿದು ಪಳಗಿದ ಕೈ ಪಿರಿಯಾಪಟ್ಟಣದವನದು. ಊಟಕ್ಕೆ ಕೂತರೂ ತಟ್ಟೆ ಬಡಿಯುತ್ತಿದ್ದ. ಹಾಗಾಗಿ ಡ್ರಮ್ಮು ಅವನ ಪಾಲಿಗೆ ಬಂತು.

ಹ್ಯಾಂಡ್‌ಪೋಸ್ಟಿನವನ ಅಪ್ಪ ಕೇರಳದ ಕಡೆಯಿಂದ ಬಂದು ಬಸ್ಸು ನಿಲ್ಲುವಲ್ಲಿ ಹೋಟೆಲು ಇಟ್ಟವರು. ಮಗ ಚರ್ಚಿನ ಹಾಡಿನ ಗುಂಪಿನಲ್ಲಿ ಬೆಳೆದವನು. ಚರ್ಚಿನಲ್ಲಿದ್ದ ಗಿಟಾರನ್ನು ಪಾದ್ರಿಯವರ ಕೈಕಾಲು ಹಿಡಿದು ತಂದವನು ಅವನೇ. ಕರಾರು ಒಂದೇ, ಭಾನುವಾರದ ಪೂಜೆಗೆ ಗಿಟಾರು ವಾಪಸ್ ಬರಬೇಕು.

ನನ್ನ ಸಂಗೀತದ ಮೂಲ ಮಠದ ಭಜನೆ. ತಾತನ ಹಾರ್ಮೋನಿಯಂ ತಿದಿ ಒತ್ತಿ ಒತ್ತಿ ಎಡಗೈ ಬಲವಾಗಿತ್ತೇ ಹೊರತು ಸ್ವರ ಹತ್ತಿರಲಿಲ್ಲ. ಆದರೂ ಗಿಟಾರ್ ನಾನೇ ನುಡಿಸಬೇಕು ಅಂತ ತೀರ್ಮಾನ ಮಾಡಿದೆ. ಬ್ಯಾರನ್ ನಮ್ಮದಲ್ಲವೇ? ಮೂರು ತಿಂಗಳು ಬೆರಳು ತುದಿ ಸೀಳಿಕೊಂಡು ಕಾರ್ಡು ಅನ್ನುವ ಮೂರು ಸ್ವರಗುಚ್ಛ ಕಲಿತೆ. ಅಷ್ಟರಲ್ಲಿ ಮಿರ್ಲೆಯವನು ಬಂದ.

ಅವನು ನನಗಿಂತ ಒಂದು ವರ್ಷ ಚಿಕ್ಕವನು, ಅಣ್ಣ ಅಂತಲೇ ಕರೆಯುತ್ತಿದ್ದ. ಅವನ ಅಪ್ಪ ಕೆ.ಆರ್. ನಗರದ ಕಡೆ ಮದುವೆಗಳಿಗೆ ಹೋಗುವ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವವರು. ಮೊದಲ ದಿನ ಬ್ಯಾರನ್ನಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ, ದೇವಸ್ಥಾನಕ್ಕೆ ಬಂದ ಹಾಗೆ. ಗಿಟಾರು ಕೈಗೆ ತೆಗೆದುಕೊಂಡು ಎರಡು ತಂತಿ ಬಿಗಿ ಮಾಡಿದ. ಮೂರು ತಿಂಗಳು ನಾವು ಶ್ರುತಿ ತಪ್ಪಿಸಿಕೊಂಡೇ ಬಾರಿಸುತ್ತಿದ್ದೆವು ಅನ್ನುವುದು ಆಗ ಗೊತ್ತಾಯಿತು. ಕ್ಯಾಸೆಟ್ಟಿನಲ್ಲಿ ಬಂದದ್ದನ್ನು ಒಂದು ಸಲ ಕೇಳಿ, ಕಣ್ಣು ಮುಚ್ಚಿ, ಹಾಗೇ ನುಡಿಸಿಬಿಟ್ಟ. ಡ್ರಮ್ಮಿನವನು ಕೋಲು ಕೆಳಗಿಟ್ಟು ನನ್ನ ಮುಖ ನೋಡಿದ. ಆ ನೋಟಕ್ಕೆ ಅವನನ್ನು ಇವತ್ತಿಗೂ ಕ್ಷಮಿಸಿಲ್ಲ.

ಅವತ್ತಿನಿಂದ ನಾನು ಹಾಡುವವನಾದೆ. ಅಂದರೆ ಅರಚುವವನಾದೆ.

ಮಿರ್ಲೆಯವನಿಗೆ ಒಂದು ಗಡುವು ಇತ್ತು. ಅದು ಅವನ ಅಪ್ಪನ ಬಾಯಲ್ಲಿತ್ತು. ಮುಂದಿನ ಹಲ್ಲು ಇಲ್ಲದೆ ಕ್ಲಾರಿನೆಟ್ ಊದಲಾಗುವುದಿಲ್ಲ. ಅಪ್ಪನ ಹಲ್ಲುಗಳು ಒಂದೊಂದಾಗಿ ಬೀಳುತ್ತಿದ್ದವು. ಬ್ಯಾಂಡ್‌ಸೆಟ್ಟಿನವರು ಹೊರಗಿನವನನ್ನು ಸೇರಿಸುವುದಿಲ್ಲ, ಅಪ್ಪನ ಜಾಗಕ್ಕೆ ಮಗನೇ ಬರಬೇಕು. ಅಪ್ಪ ಮಗನಿಗೆ ಹೇಳಿದ್ದರಂತೆ: ಕೊನೆಯ ಹಲ್ಲು ಬೀಳುವುದರೊಳಗೆ ದೊಡ್ಡ ಆರ್ಕೆಸ್ಟ್ರಾದವರು ಯಾರಾದರೂ ನಿನ್ನನ್ನು ಕರೆದರೆ ಹೋಗು, ಇಲ್ಲವಾದರೆ ಕೆಂಪು ಕೋಟು ಹಾಕಿಕೊಂಡು ಬಂದು ಊದು. ಆ ಕೆಂಪು ಕೋಟು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಮದುವೆಯಲ್ಲಿ ಕುಡಿದ ನೆಂಟರು ಅಪ್ಪನ ಟೋಪಿ ಕಿತ್ತು ತಮ್ಮ ತಲೆಗೆ ಹಾಕಿಕೊಂಡು ಕುಣಿಯುವುದನ್ನು ಚಿಕ್ಕಂದಿನಿಂದ ನೋಡಿದ್ದ. ಇದನ್ನು ನನ್ನೊಬ್ಬನಿಗೇ ನಂಬಿ ಹೇಳಿದ.

ನಾನು ಅದನ್ನು ಇಟ್ಟುಕೊಂಡು ಆಡಿದೆ. ಪ್ರತಿ ವಾರ ಎಲ್ಲರೆದುರು ಕೇಳುತ್ತಿದ್ದೆ.

"ನಿಮ್ಮಪ್ಪನ ಹಲ್ಲು ಇನ್ನೆಷ್ಟು ಉಳ್ದವಲಾ?"

"ಮೂರು ಕಣಣ್ಣ."

ಮುಂದಿನ ತಿಂಗಳು ಮತ್ತೆ ಕೇಳಿದರೆ, "ಎರಡು ಕಣಣ್ಣ. ಒಂದು ಅಳ್ಳಾಡ್ತಾ ಅದೆ."

ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅವನೂ ನಗುತ್ತಿದ್ದ. ನಗದಿದ್ದರೆ ಬ್ಯಾರನ್ನಿನ ಬಾಗಿಲು ಮುಚ್ಚುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಅನ್ನುವುದು ನನಗೂ ಗೊತ್ತಿತ್ತು. ಅದಕ್ಕೇ ಕೇಳುತ್ತಿದ್ದೆ.

ಆ ವರ್ಷ ಗಣಪತಿ ಪೆಂಡಾಲಿನಲ್ಲಿ ನಮಗೂ ಅರ್ಧ ಗಂಟೆ ಕೊಟ್ಟರು. ಮುಖ್ಯ ಕಾರ್ಯಕ್ರಮ ಮೈಸೂರಿನ ಆರ್ಕೆಸ್ಟ್ರಾದ್ದು, ಅವರು ಬಂದು ಇಳಿದು ಸಾಮಾನು ಜೋಡಿಸುವತನಕ ಜನರನ್ನು ಕೂರಿಸಿಕೊಳ್ಳಲು ನಾವು. ಬ್ಯಾರನ್ನಿನಲ್ಲಿ ನಾವೇ ಕಟ್ಟಿದ ಒಂದು ಹಾಡಿತ್ತು. ಅದರ ರಾಗ ಮಿರ್ಲೆಯವನದು, ಮಾತು ನನ್ನದು. ಎರಡು ಸಾಲು ಹಾಡುವಷ್ಟರಲ್ಲಿ ಮುಂದೆ ಕೂತವರು ಸಿನಿಮಾ ಹಾಡು ಹೇಳ್ರಲಾ ಅಂತ ಕೂಗಿದರು. ಯಾರೋ ಒಂದು ಚಪ್ಪಲಿಯನ್ನೂ ಎಸೆದರು. ನಾನು ಹಾಡು ನಿಲ್ಲಿಸಿದೆ. ಮಿರ್ಲೆಯವನು ನಿಲ್ಲಿಸಲಿಲ್ಲ. ತಲೆ ತಗ್ಗಿಸಿಕೊಂಡು ಒಬ್ಬನೇ ನುಡಿಸಿದ. ಕೂಗು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಜನ ಬಾಯಿ ತೆರೆದು ಕೇಳುತ್ತಿದ್ದರು. ಸ್ಟೇಜಿನ ಮಧ್ಯೆ ಮೈಕ್ ಹಿಡಿದುಕೊಂಡು ನಾನು ಬೆದರುಗೊಂಬೆಯ ಹಾಗೆ ನಿಂತಿದ್ದೆ.

ಇಳಿದು ಬಂದಾಗ ಆರ್ಕೆಸ್ಟ್ರಾದ ಯಜಮಾನರು ನೇರವಾಗಿ ಅವನ ಹತ್ತಿರ ಬಂದರು. "ಬರೋ ಶನಿವಾರ ಮಧ್ಯಾಹ್ನ ಮೈಸೂರಿಗೆ ಬಾಪ್ಪ. ಕೈ ನೋಡ್ತೀವಿ. ಸರಿ ಹೋದ್ರೆ ನಮ್ಮ ಜೊತೇಲೇ ಇದ್ದುಬಿಡು. ಭಾನುವಾರ ನಾವು ಪ್ರೋಗ್ರಾಂಗೆ ಉತ್ತರ ಕರ್ನಾಟಕದ ಕಡೆ ಹೊರಡ್ತೀವಿ, ಆಮೇಲೆ ಸಿಗಲ್ಲ" ಅಂದರು. ಪಕ್ಕದಲ್ಲಿ ನಾನಿದ್ದೆ. ನನ್ನ ಕಡೆ ತಿರುಗಿ ಮೈಕಿನ ವೈರು ಕೊಟ್ಟು, "ಇದೊಂಚೂರು ಸುತ್ತಿ ಇಡಪ್ಪ" ಅಂದರು. ಸುತ್ತಿ ಇಟ್ಟೆ.

ಶುಕ್ರವಾರ ಸಂಜೆ ಮಿರ್ಲೆಯವನು ಗಿಟಾರಿನೊಂದಿಗೆ ನಮ್ಮ ಮನೆಗೆ ಬಂದ. ನಮ್ಮಲ್ಲಿ ಮಲಗಿ ಬೆಳಗ್ಗೆ ಹುಣಸೂರಿನಿಂದ ಮೈಸೂರು ಬಸ್ಸು ಹತ್ತುವುದೆಂದು ಮಾತಾಗಿತ್ತು. ರಸ್ತೆಯಿಂದ ಮನೆಗೆ ಬರುವಷ್ಟರಲ್ಲಿ ಮಳೆ ಹುಯ್ದು, ಗಿಟಾರಿಗೆ ಸುತ್ತಿದ್ದ ಗೊಬ್ಬರದ ಚೀಲದೊಳಗೆಲ್ಲ ನೀರು ನುಗ್ಗಿತ್ತು. ಅಲ್ಲಾಡಿಸಿದರೆ ಹೊಟ್ಟೆಯೊಳಗೆ ನೀರು ಕುಲುಕುತ್ತಿತ್ತು. ಅವನ ಮುಖ ಬಿಳಿಚಿಕೊಂಡಿತ್ತು.

ನಮ್ಮ ಸೀಮೆಯಲ್ಲಿ ಮಳೆಗಾಲದಲ್ಲಿ ಏನು ನೆನೆದರೂ ಬ್ಯಾರನ್ನಿಗೆ ಇಡುತ್ತೇವೆ. ಬಟ್ಟೆ, ಪುಸ್ತಕ, ಮೆಣಸಿನಕಾಯಿ, ಒಮ್ಮೆ ಅಪ್ಪ ಜಮೀನಿನ ಪತ್ರಗಳನ್ನೂ ಇಟ್ಟಿದ್ದರು. ಆದರೆ ಮೊದಲ ಎರಡು ದಿನ ಮಾತ್ರ. ಆಗ ಸೊಪ್ಪು ಹಳದಿಯಾಗಿ ಹಣ್ಣಾಗುತ್ತಿರುತ್ತದೆ, ಶಾಖ ಬಿಸಿಲಿನಷ್ಟೇ ಇರುತ್ತದೆ. ಕೊನೆಗೆ ಸೊಪ್ಪಿನ ನಡುವಿನ ದಂಟು ಒಣಗಿಸುವ ದಿನ ಬಂದರೆ ಒಳಗೆ ಕೈ ಇಡಲಾಗುವುದಿಲ್ಲ. ಹೊಗೆಸೊಪ್ಪಿನ ಮನೆಯ ಎಳೆ ಮಗುವಿಗೂ ಇದು ಗೊತ್ತು. ಮಿರ್ಲೆಯವನು ಕಾಲುವೆ ನೀರಿನ ಭತ್ತದ ಸೀಮೆಯವನು. ಆದರೂ ನಮ್ಮಲ್ಲಿ ಓಡಾಡಿ ಅಷ್ಟು ತಿಳಿದುಕೊಂಡಿದ್ದ.

"ಹೊಸ ಬ್ಯಾರನ್ನಿಗೆ ಇಟ್ಟುಬುಡು. ಬೆಳಗ್ಗೆ ಹೊತ್ತಿಗೆ ಗರಿಗರಿ ಒಣಗಿರ್ತದೆ" ಅಂದೆ.

"ಇವತ್ತು ಎಷ್ಟನೇ ದಿನ ಅಣ್ಣ?"

"ಎರಡನೇ ದಿನ ಕಣ್ಲಾ."

ಐದನೇ ದಿನವಾಗಿತ್ತು. ಮಧ್ಯಾಹ್ನವಷ್ಟೇ ಅಪ್ಪ ನನ್ನಿಂದಲೇ ಥರ್ಮಾಮೀಟರ್ ನೋಡಿಸಿದ್ದರು, ನೂರ ಅರವತ್ತು ಫ್ಯಾರನ್‌ಹೀಟ್ ತೋರಿಸುತ್ತಿತ್ತು. ನಾಲಿಗೆ ತಪ್ಪಿ ಆಡಿದ ಮಾತಲ್ಲ ಅದು. ಬೀಗದ ಕೈ ತೆಗೆದು ಅವನ ಅಂಗೈಯಲ್ಲಿಟ್ಟೆ. ಅವನೊಬ್ಬನೇ ಹೋಗಿ ಇಟ್ಟು ಬಂದ. ಅವ್ವ ಬಡಿಸಿದ ಮುದ್ದೆಯನ್ನು ಎದುರೆದುರು ಕೂತು ಉಂಡೆವು. ನನಗೆ ಹಸಿವು ಜೋರಾಗಿಯೇ ಇತ್ತು.

ಬೆಳಗ್ಗೆ ಅವನು ಬಾಗಿಲು ತೆಗೆದಾಗ ನಾನು ಹಿಂದೆಯೇ ನಿಂತಿದ್ದೆ. ಗಿಟಾರಿನ ಹೊಟ್ಟೆಯ ಹಲಗೆ ಉಬ್ಬಿ ಸೀಳಿತ್ತು. ಕುತ್ತಿಗೆ ಬಾಗಿತ್ತು. ತಂತಿ ಕಟ್ಟುವ ಪಟ್ಟಿ ಕಿತ್ತುಬಂದು ತಂತಿಗಳ ತುದಿಯಲ್ಲಿ ನೇತಾಡುತ್ತಿತ್ತು. ಬಣ್ಣ ಕರಗಿದ ವಾಸನೆ ಹೊಗೆಸೊಪ್ಪಿನ ವಾಸನೆಯೊಂದಿಗೆ ಬೆರೆತಿತ್ತು. ಅಪ್ಪ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಭತ್ತದ ಸೀಮೆ ಗೂಬೆ! ದಂಟು ಒಣಗೋ ದಿನ ಯಾರಾರ ಮರದ ಸಾಮಾನು ಇಡ್ತಾರೇನ್ಲಾ?"

ಅವನು ನನ್ನ ಕಡೆ ನೋಡಿದ.

"ಎರಡನೇ ದಿನ ಆದ್ರೆ ಇಡಬೋದು ಅಂದಿದ್ದೆ ಕಣಪ್ಪ. ಇವನು ಸರಿಯಾಗಿ ಕೇಳಿಸ್ಕಳಲಿಲ್ಲ" ಅಂದೆ ಅಪ್ಪನಿಗೆ. ಕ್ಯಾಸೆಟ್ಟನ್ನು ಒಂದು ಸಲ ಕೇಳಿ ಒಪ್ಪಿಸುವವನಿಗೆ ಕಿವಿ ಸರಿಯಿಲ್ಲ ಅಂದೆ.

ಇನ್ನೂ ಕಾಲ ಮೀರಿರಲಿಲ್ಲ. ಗಿಟಾರು ಇಲ್ಲದೆಯೂ ಅವನು ಮೈಸೂರಿಗೆ ಹೋಗಬಹುದಿತ್ತು, ಆರ್ಕೆಸ್ಟ್ರಾದವರ ಹತ್ತಿರ ಗಿಟಾರಿಗೇನು ಬರವೇ? ಆದರೆ ಮಾರನೆಯ ದಿನ ಭಾನುವಾರ, ಚರ್ಚಿಗೆ ಗಿಟಾರು ಬೇಕು. ಯಾರಾದರೊಬ್ಬರು ಹ್ಯಾಂಡ್‌ಪೋಸ್ಟಿಗೆ ಹೋಗಿ ಪಾದ್ರಿಯವರ ಮುಂದೆ ನಿಲ್ಲಬೇಕಿತ್ತು. ನಾನು ಹೋಗಬಹುದಿತ್ತು. ಬಸ್‌ಸ್ಟ್ಯಾಂಡಿನವರೆಗೂ ಅವನು ಅದನ್ನೇ ಕಾಯುತ್ತಿದ್ದ, ಬಾಯಿಬಿಟ್ಟು ಕೇಳಲಿಲ್ಲ ಅಷ್ಟೆ.

"ಇಟ್ಟವನು ನೀನು. ನೀನೇ ಹೋಗಿ ಹೇಳು" ಅಂದೆ.

ಮೈಸೂರು ಬಸ್ಸು ನಿಂತಿತ್ತು. ಅದರ ಹಿಂದೆ ಹ್ಯಾಂಡ್‌ಪೋಸ್ಟಿನ ಮೇಲೆ ಹೋಗುವ ಕೋಟೆ ಬಸ್ಸು. ಅವನು ಮುರಿದ ಗಿಟಾರನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ಕೋಟೆ ಬಸ್ಸು ಹತ್ತಿದ. ಪಾದ್ರಿಯವರು ಬೀಚನಹಳ್ಳಿಗೆ ಹೋಗಿದ್ದರಂತೆ, ಮೈಸೂರಿನ ಹೊತ್ತು ಮೀರಿ ಸಂಜೆಯವರೆಗೂ ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದನಂತೆ. ಹ್ಯಾಂಡ್‌ಪೋಸ್ಟಿನವನು ಹೋಟೆಲಿನ ಗಿರಾಕಿಗಳೆದುರಿಗೇ ಅವನ ಕೆನ್ನೆಗೆ ಹೊಡೆದನಂತೆ. ಸೋಮವಾರ ಇದನ್ನೆಲ್ಲ ಕಾಲೇಜಿನಲ್ಲಿ ಕೇಳಿ, ಛೇ, ಪಾಪ ಅಂದೆ.

ಬ್ಯಾಂಡು ಮತ್ತೆ ಸೇರಲಿಲ್ಲ. ದೀಪಾವಳಿಗೆ ಮೊದಲೇ ಅವನ ಅಪ್ಪನ ಕೊನೆಯ ಹಲ್ಲು ಬಿತ್ತು. ಅವನು ಕಾಲೇಜು ಬಿಟ್ಟ.

ಐದಾರು ವರ್ಷದ ಮೇಲೆ ನನ್ನ ಮದುವೆ. ಹೆಣ್ಣು ಕೆ.ಆರ್. ನಗರದ ಕಡೆಯವಳು, ವಾಲಗ, ಬ್ಯಾಂಡ್‌ಸೆಟ್ಟು ಎಲ್ಲ ಹೆಣ್ಣಿನವರದೇ ಏರ್ಪಾಡು. ಸಂಜೆ ಗುಡಿಯಿಂದ ಛತ್ರಕ್ಕೆ ಮದುಮಗನ ಮೆರವಣಿಗೆ. ಪೇಟ ಸುತ್ತಿಸಿಕೊಂಡು ಗುಡಿಯ ಮೆಟ್ಟಿಲು ಇಳಿದರೆ, ಕೆಂಪು ಕೋಟು ಹಾಕಿ, ಟೋಪಿ ಇಟ್ಟು, ಕ್ಲಾರಿನೆಟ್ ಹಿಡಿದು ಮಿರ್ಲೆಯವನು ನಿಂತಿದ್ದ. ನನ್ನ ಚಿಕ್ಕಪ್ಪನ ಮಗ ಕುಡಿದು ಬಂದು ಅವನ ಟೋಪಿ ಕಿತ್ತು ತನ್ನ ತಲೆಗೆ ಹಾಕಿಕೊಂಡು ಕುಣಿಯಲು ಶುರು ಮಾಡಿದ. ಎಲ್ಲರೂ ನಕ್ಕರು. ಅವನೂ ನಕ್ಕ, ಬ್ಯಾರನ್ನಿನಲ್ಲಿ ನಗುತ್ತಿದ್ದ ಹಾಗೇ.

ಪಟಾಕಿ ಹಚ್ಚಲು ಮೆರವಣಿಗೆ ನಿಂತಾಗ ಅವನೇ ಹತ್ತಿರ ಬಂದ. ಏನಾದರೂ ಹೇಳಬೇಕಲ್ಲ ಅಂತ ನಾನು, "ಅವತ್ತು ನಿಂಗೆ ಕೇಳಿಸ್ಕಳದ್ರಲ್ಲಿ ತಪ್ಪಾಯ್ತು ಕಣ್ಲಾ, ಇಲ್ಲದಿದ್ರೆ..." ಅಂದೆ. ಮದುವೆಯ ದಿನವೂ ಬಾಯಿಗೆ ಬಂದದ್ದು ಅದೇ ಸುಳ್ಳು.

"ಇಲ್ಲ ಅಣ್ಣ, ಸರಿಯಾಗೇ ಕೇಳಿಸ್ತು" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಎರಡನೇ ದಿನ ಅಂದೆ. ಬಾಗ್ಲು ತೆಗ್ದಾಗ ಬಿಸಿ ಮುಖಕ್ಕೆ ಹೊಡೀತು, ಸೊಪ್ಪು ಗರಗರ ಅಂತಿತ್ತು. ಎರಡನೇ ದಿನದ ಸೊಪ್ಪು ಮೆತ್ತಗಿರ್ತದೆ, ಸದ್ದು ಮಾಡಕಿಲ್ಲ. ಅಷ್ಟು ನಂಗೂ ಗೊತ್ತಿತ್ತು. ನಿಂತ್ಕಂಡು ಒಂದು ಗಳಿಗೆ ಕೇಳ್ದೆ. ಆಮೇಲೆ, ಅಣ್ಣ ಯಾಕೆ ಸುಳ್ಳು ಹೇಳ್ತಾನೆ ಅಂದ್ಕಂಡು ಇಟ್ಟು ಬಂದೆ."

ಪಟಾಕಿ ಮುಗಿಯಿತು. ಯಾರೋ ಟೋಪಿ ತಂದು ಅವನ ತಲೆಗಿಟ್ಟರು. ಅವನು ಮುಂದೆ ಹೋಗಿ ನಿಂತು ಕ್ಲಾರಿನೆಟ್ ಬಾಯಿಗಿಟ್ಟು ಊದಿದ. ಬ್ಯಾರನ್ನಿನಲ್ಲಿ ಕಟ್ಟಿದ ನಮ್ಮ ಹಾಡಿನ ರಾಗ ಅದು, ಒಂದು ಸ್ವರ ಆಚೀಚೆ ಆಗಿರಲಿಲ್ಲ. ನೆಂಟರು ಅದಕ್ಕೂ ಕುಣಿದರು. ಬ್ಯಾಂಡಿನವರು ಎಷ್ಟು ನಿಧಾನ ನಡೆದರೆ ಮದುಮಗನೂ ಅಷ್ಟೇ ನಿಧಾನ ನಡೆಯಬೇಕು, ಅವರನ್ನು ದಾಟಿ ಹೋಗುವಂತಿಲ್ಲ. ಅವನು ಬಹಳ ನಿಧಾನವಾಗಿ ನಡೆದ. ಕೊರಳಲ್ಲಿ ಹಾರ ಹಾಕಿಕೊಂಡು ಛತ್ರದ ಬಾಗಿಲವರೆಗೂ ಅವನ ಹಿಂದೆ ಅದನ್ನು ಕೇಳುತ್ತಾ ನಡೆದೆ.