ಬೀ-ಯುನ್‌ಳ ಒಣಗಿದ ಕೈ

ಬೆವರಿನ ನರವನ್ನು ಒಮ್ಮೆ ಕತ್ತರಿಸಿದರೆ ಅದು ಮತ್ತೆ ಕೂಡುತ್ತದೆಂದು ನಂಬಿ ಕೂರುವ ಹಾಗಿಲ್ಲ. ಅಂಗೈಯಲ್ಲಿ ನಿಂತ ಬೆವರು ಬೆನ್ನಲ್ಲೋ ಹೊಟ್ಟೆಯಲ್ಲೋ ತೊಡೆಯಲ್ಲೋ ಹೊರಡುತ್ತದೆ. ಇದು ಡಾಕ್ಟರರಿಗೆ ಗೊತ್ತು. ನಮಗೂ ಗೊತ್ತಿರಬೇಕಿತ್ತು.

ತೈವಾನಿನ ದಕ್ಷಿಣದಲ್ಲಿ, ನಮ್ಮ ಕಾವ್‌ಶುಂಗ್ ಬಂದರಿನ ಹಿಂದಿನ ಬೀದಿಯಲ್ಲಿ ಆ-ಕಿಮ್‌ಳ ಕೇಶಾಲಂಕಾರದ ಅಂಗಡಿಯಿದೆ. ಬೀ-ಯುನ್ ಅಲ್ಲಿ ತಲೆ ತೊಳೆಯುವ ಹುಡುಗಿ. ಗಿರಾಕಿ ನೆಟ್ಟಗೆ ಕೂತಿದ್ದರೂ ಕುತ್ತಿಗೆಗೆ ಒಂದು ಹನಿ ಇಳಿಯದಂತೆ ನೊರೆ ಎಬ್ಬಿಸುತ್ತಿದ್ದಳು. ಚಿಕ್ಕಂದಿನಿಂದ ಅವಳ ಅಂಗೈ ಬೆವರಿ ತೊಟ್ಟಿಕ್ಕುತ್ತಿತ್ತು. ಪರೀಕ್ಷೆಯ ಹಾಳೆ ನೆಂದು ಹರಿಯುತ್ತಿತ್ತು. ನೊರೆಯೊಳಗೆ ಮಾತ್ರ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಒದ್ದೆ ಕೈಯನ್ನು ಪ್ರಶ್ನಿಸದ ಕೆಲಸ ಅವಳಿಗೆ ಸಿಕ್ಕಿತ್ತು.

ಆಮೇಲೆ ಮದುವೆ ಗೊತ್ತಾಯಿತು. ನಿಶ್ಚಿತಾರ್ಥದಲ್ಲಿ ಹುಡುಗಿ ಗಂಡಿನ ಕಡೆಯವರಿಗೆ ಸಿಹಿ ಚಹಾ ಕೊಡಬೇಕು, ಅತ್ತೆಯಾಗುವವಳು ಅವಳ ಕೈಹಿಡಿದು ಬಳೆ ತೊಡಿಸಬೇಕು.

"ಅಕ್ಕಾ, ನನ್ನ ಕೈ ಹಿಡಿದ್ರೆ ಅವ್ರಿಗೆ ಹಸಿ ಮೀನು ಹಿಡಿದ ಹಾಗನ್ಸತ್ತೆ."

"ಅನ್ನಿಸ್ಲಿ ಬಿಡೆ. ಅವಳ ಮಗ ಏನು ಒಣಮೀನಾ?" ಎಂದು ಆ-ಕಿಮ್ ನಕ್ಕಳು.

ಬೀ-ಯುನ್ ನಗಲಿಲ್ಲ. ಆಸ್ಪತ್ರೆಗೆ ಹೋದಳು. "ಕಂಕುಳಲ್ಲಿ ಸಣ್ಣ ತೂತು ಮಾಡಿ ಅಂಗೈ ಬೆವರಿಸೋ ನರ ಕತ್ತರಿಸ್ತೀವಿ, ಅಷ್ಟೇ. ಬೇರೆ ಕಡೆ ಸ್ವಲ್ಪ ಬೆವರಬಹುದು" ಅಂದರು ಡಾಕ್ಟರರು. ಆ 'ಸ್ವಲ್ಪ'ವನ್ನು ನಂಬಿ ಆಪರೇಷನ್ನಿಗೆ ಸಹಿ ಹಾಕಿದಳು.

ನಿಶ್ಚಿತಾರ್ಥದ ದಿನ ಕೈ ಕಾಗದದಷ್ಟು ಒಣಗಿತ್ತು. ಚಹಾ ಕೊಟ್ಟು ತಿರುಗಿದಾಗ ಕೆಂಪು ಉಡುಪು ಬೆನ್ನಿನಿಂದ ಮಂಡಿಯ ತನಕ ತೊಯ್ದಿತ್ತು.

"ಹುಡುಗಿಗೆ ಕಾಯಿಲೆ ಇದೆ ಅಂತ ಮೊದಲೇ ಹೇಳ್ಬಾರ್ದಿತ್ತಾ?" ಎಂದಳು ಹುಡುಗನ ತಾಯಿ, ಎಲ್ಲರಿಗೂ ಕೇಳುವಂತೆ. ಹುಡುಗ ಚಹಾದ ಬಟ್ಟಲು ನೋಡುತ್ತ ಕೂತ. ಬಳೆ ವಾಪಸು ಹೋಯಿತು.

ತಲೆ ತೊಳೆಯುವ ಕೆಲಸವೂ ಕೈಬಿಟ್ಟಿತು. ಒಣಗಿದ ಬೆರಳು ಶಾಂಪೂ ತಾಗಿ ಬಿರಿಯಿತು. ಡ್ರೈಯರಿನ ಬಿಸಿಗಾಳಿಗೆ ಮೈಯೆಲ್ಲ ಬೆವರಿಳಿಯಿತು. ಗಿರಾಕಿಗಳು ಬೇರೆ ಹುಡುಗಿಯನ್ನು ಕೇಳತೊಡಗಿದರು. ನರ ಮತ್ತೆ ಸೇರಿಸಿ ಎಂದು ಆಸ್ಪತ್ರೆಗೆ ಹೋದರೆ, "ಕೈ ಒಣಗಿದೆಯಲ್ಲಮ್ಮ, ಆಪರೇಷನ್ ಚೆನ್ನಾಗೇ ಆಗಿದೆ" ಎಂದರು. ಆ ಮಾತು ಹೇಳಿದ ನಾಲಿಗೆ ತಡವರಿಸಲಿಲ್ಲ.

ಈಗ ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಫ್ಯಾನಿನೆದುರು ಟವೆಲ್ ಮಡಚುತ್ತಾಳೆ. ಅದೇ ಬೀದಿಯವಳಾದ ನಾನು ತಲೆ ತೊಳೆಸಿಕೊಳ್ಳಲು ಹೋದಾಗಲೆಲ್ಲ ಕರೆಯುತ್ತೇನೆ: "ಬಾರೆ, ನೂಡಲ್ಸ್ ತಿಂದು ಬರೋಣ."

"ನೀವು ಹೋಗಿ ಆಂಟಿ. ಬಿಸಿ ಸಾರು ಕುಡಿದ್ರೆ ಹೋಟೆಲಿನವರ ಕುರ್ಚಿ ನೆನೆಯತ್ತೆ."

ನಿಮ್ಮ ಮನೆಯಲ್ಲೂ ಕೈ ಬಚ್ಚಿಡುವ ಮಗುವಿದ್ದರೆ ಮೊದಲು ಆ ಒದ್ದೆ ಕೈ ಹಿಡಿಯಿರಿ. ಹಿಡಿದುಕೊಂಡೇ ಡಾಕ್ಟರರನ್ನು ಕೇಳಿ: ಈ ಬೆವರು ಎಲ್ಲಿಗೆ ಹೋಗುತ್ತದೆ, ಎಷ್ಟು, ಎಷ್ಟು ಕಾಲ? 'ಸ್ವಲ್ಪ' ಎಂದರೆ ಸಹಿ ಹಾಕದೆ ಎದ್ದು ಬನ್ನಿ.