ನಾನು ಹೂಂ ಅನ್ನದಿದ್ದರೆ

ಕತೆ ಹೇಳುವಾಗ ಕೇಳುವವರು ಹೂಂ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ. ನಮ್ಮವ್ವ ಹೊಲದಲ್ಲಿ ಕಳೆ ಕೀಳುತ್ತ ಕತೆ ಹೇಳುತ್ತಿದ್ದಳು, ನಾನು ಪಕ್ಕದ ಸಾಲಿನಲ್ಲಿ ಹೂಂ ಅನ್ನುತ್ತಿದ್ದೆ. ಮೊಮ್ಮಗಳಿಗೆ ಮನೆಯಲ್ಲಿ ಪಾಠ ಹೇಳಿಸುವ ಕೆಲಸ ನನ್ನ ತಲೆಗೆ ಬಂದಾಗ ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಅಕ್ಷರ ನಾನು ಕಲಿತದ್ದು ಮಗಳು ಹುಟ್ಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಬಸ್ಸಿನ ಬೋರ್ಡು ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಲೆಕ್ಕ ಬಾಯಲ್ಲಿ ಬರುತ್ತದೆ, ಸ್ಲೇಟಿನ ಮೇಲೆ ಬರುವುದಿಲ್ಲ.

ನಮ್ಮೂರು ಗುಂಡ್ಲುಪೇಟೆಗೂ ತೆರಕಣಾಂಬಿಗೂ ನಡುವೆ, ರಸ್ತೆ ಪಕ್ಕದಲ್ಲೇ ಇದೆ. ಹುಡುಗಿ ಮೂರನೇ ಕ್ಲಾಸಿನಲ್ಲಿದ್ದಾಗ ಫಿಟ್ಸ್ ಶುರುವಾಯಿತು. ಪ್ರಾರ್ಥನೆಗೆ ನಿಂತಲ್ಲೇ ಬಿದ್ದಳು. ಆಮೇಲೆ ಊಟದ ಸಾಲಿನಲ್ಲಿ ಬಿದ್ದಳು. ಬಾಯಿಯ ನೊರೆ ನೋಡಿ ಮಕ್ಕಳು ಓಡಿದವು. ಯಾರೋ ಕೈಗೆ ಬೀಗದ ಕೈ ತುರುಕಿದರು, ಯಾರೋ ಮೂಗಿಗೆ ಈರುಳ್ಳಿ ಹಿಡಿದರು. ಕೆಲವು ತಾಯಂದಿರು ಬಂದು ನಮ್ಮ ಮಕ್ಕಳನ್ನು ಅವಳ ಪಕ್ಕ ಕೂರಿಸಬೇಡಿ ಅಂದರು. ಸ್ವಲ್ಪ ವಾಸಿಯಾಗುವ ತನಕ ಮನೆಯಲ್ಲೇ ಇರಲಿ ಎಂದು ಊರಿನ ಶಾಲೆಯವರು ನಯವಾಗಿ ಹೇಳಿದರು. ನಯವಾಗಿ ಹೇಳಿದರೂ ಕಳಿಸಿದ್ದು ಕಳಿಸಿದ್ದೇ.

ಚಾಮರಾಜನಗರದ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಬಿದ್ದರೆ ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ತುರುಕಬೇಡಿ, ನೀರಿನ ಹತ್ತಿರ ಒಲೆಯ ಹತ್ತಿರ ಒಬ್ಬಳನ್ನೇ ಬಿಡಬೇಡಿ ಅಂದರು. ನೀರು, ಒಲೆ ಬಿಟ್ಟರೆ ನಮ್ಮ ಮನೆಯಲ್ಲಿ ಇನ್ನೇನಿದೆ? ಅಳಿಯ ಬೇರೆ ಸಂಸಾರ ಮಾಡಿಕೊಂಡು ಹೋಗಿದ್ದ. ಮಗಳು ಹೊತ್ತು ಮೂಡುವ ಮುಂಚೆ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗುತ್ತಾಳೆ. ಅಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕೆಲಸ. ಬಿಸಿನೀರಿನಲ್ಲಿ ಬೆಂದ ಬೆರಳುಗಳನ್ನು ಹೊತ್ತುಕೊಂಡು ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಉಳಿದವಳು ನಾನು.

ವಾರಕ್ಕೊಮ್ಮೆ ಗುಂಡ್ಲುಪೇಟೆಯಿಂದ ಒಬ್ಬ ಮೇಷ್ಟ್ರು ಬೈಕಿನಲ್ಲಿ ಬರುತ್ತಿದ್ದರು. ಶಾಲೆಗೆ ಹೋಗಲಾರದ ಮಕ್ಕಳ ಮನೆಗೆ ಹೋಗಿ ಪಾಠ ಹೇಳುವುದೇ ಅವರ ಕೆಲಸ. ಒಂದಿಷ್ಟು ಹೇಳಿಕೊಟ್ಟು, ವಾರಕ್ಕೆ ಆಗುವಷ್ಟು ಲೆಕ್ಕ ಕೊಟ್ಟು ಹೋಗುತ್ತಿದ್ದರು. ನಾನು ಜಗಲಿಯ ಮೇಲೆ ಅವಳಿಗೆ ಅಂಟಿಕೊಂಡು ಕೂರುತ್ತಿದ್ದೆ, ಬೀಳುವ ಮುಂಚೆ ಹಿಡಿಯಬೇಕಲ್ಲ. ಅವಳು ಒಂದು ಸಾಲು ಓದಿದರೆ ನಾನು ಹೂಂ ಅನ್ನುತ್ತಿದ್ದೆ. ಒಂದು ಲೆಕ್ಕ ಬರೆದರೂ ಹೂಂ. ಹೀಗೆ ಎರಡು ವರ್ಷ ನಡೆಯಿತು. ಓದುತ್ತಿದ್ದಾಳೆ, ಬರೆಯುತ್ತಿದ್ದಾಳೆ, ಸದ್ಯ ಅಂದುಕೊಂಡಿದ್ದೆ.

ಒಂದು ದಿನ ಮೇಷ್ಟ್ರು ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆ ಅಂದರು. ಅವಳು ಏಳರಲ್ಲಿ ಎರಡು ಕಳೆದಳು, ಐದರಲ್ಲಿ ಎರಡು ಕಳೆದಳು, ಮೂವತ್ತೈದು ಅಂತ ಬರೆದು ನನ್ನ ಮುಖ ನೋಡಿದಳು. ನನ್ನ ಬಾಯಿ ತನ್ನಷ್ಟಕ್ಕೆ ಹೂಂ ಅಂದುಬಿಟ್ಟಿತು. ಮೇಷ್ಟ್ರು ಮೊದಲು ನಕ್ಕರು. ಆಮೇಲೆ ಇನ್ನೊಂದು ಕೊಟ್ಟರು, ಮತ್ತೊಂದು ಕೊಟ್ಟರು. ಎಲ್ಲದರಲ್ಲೂ ಅದೇ ತಪ್ಪು. ಅವರು ನನ್ನನ್ನು ಒಳಗೆ ಹೋಗಲು ಹೇಳಿ ಇನ್ನೊಂದು ಲೆಕ್ಕ ಕೊಟ್ಟರು. ಹುಡುಗಿ ಬಳಪ ಕೆಳಗಿಟ್ಟು, ನಾನು ಹೋದ ಬಾಗಿಲನ್ನೇ ನೋಡುತ್ತ ಕೂತಳಂತೆ.

"ಅಜ್ಜಿ, ತಪ್ಪಾದ್ರೆ ತಿದ್ಬೋದು. ಆದ್ರೆ ನೀವಿಲ್ದೆ ಅವಳು ಬಳಪಾನೇ ಮುಟ್ಟಲ್ವಲ್ಲ" ಅಂದರು ಮೇಷ್ಟ್ರು. ಬರುವ ಜೂನಿಗೆ ಆರನೇ ಕ್ಲಾಸಿಗೆ ಗುಂಡ್ಲುಪೇಟೆ ಶಾಲೆಯಲ್ಲಿ ಕೂರಿಸಲು ಕೇಳೋಣ, ಅಲ್ಲಿ ಒಬ್ಬಳೇ ಕೂತು ಬರೆಯುವುದು ಬರಬೇಕು, ದಿನಾ ಸ್ವಲ್ಪ ಹೊತ್ತು ಬಿಟ್ಟು ಎದ್ದು ಹೋಗಿ ಅಂದರು. ಎದ್ದು ಹೋಗಿ ಅನ್ನುವುದು ಸುಲಭ. ಬಿದ್ದರೆ ಎತ್ತುವವರು ಯಾರು?

ಮೊದಲು ಎದ್ದು ಹೋಗಲಿಲ್ಲ. ಎಲೆಅಡಿಕೆ ಬಾಯಿಗೆ ತುಂಬಿಕೊಂಡು ಕೂತೆ, ಹೂಂ ಬರದಿರಲಿ ಅಂತ. ಅವಳು ಒಂದು ಲೆಕ್ಕ ಮಾಡಿ ಕಾದಳು. ನಾನು ಉಗಿಯಲಿಲ್ಲ, ಅವಳು ಬರೆಯಲಿಲ್ಲ. ಬಿಸಿಲು ಜಗಲಿಯಿಂದ ಇಳಿದು ಹೋಯಿತು.

"ಯಾಕಜ್ಜಿ, ನನ್ ಮೇಲೆ ಕ್ವಾಪವಾ?" ಅಂದಳು.

ಸಿಟ್ಟು ಬಂತು. ಬೆನ್ನಿಗೆ ಒಂದು ಕೊಟ್ಟೆ. ಕೊಟ್ಟ ಮೇಲೆ ಎಲ್ಲಿ ಬೀಳುತ್ತಾಳೋ ಎಂದು ಹಿಡಿದುಕೊಂಡೆ. ಹೊಡೆಯುವ ಕೈ, ಹಿಡಿಯುವ ಕೈ ಎರಡೂ ನನ್ನವೇ ಆದರೆ ಯಾವ ಮಗು ಏನು ಕಲಿಯುತ್ತದೆ?

ಒಂದು ಬೆಳಿಗ್ಗೆ ಬೀದಿಯ ನಲ್ಲಿಯಲ್ಲಿ ನೀರು ಬಂತು. ಲೆಕ್ಕ ಮಾಡ್ತಿರು ಅಂದು ಬಿಂದಿಗೆ ಹಿಡಿದು ಹೋದೆ. ಬಿಂದಿಗೆ ತುಂಬಿದರೂ ಬೇಕೆಂದೇ ಅಲ್ಲೇ ನಿಂತೆ. ಒಬ್ಬಳ ಸೊಸೆಯ ದೂರು ಕೇಳಿದೆ, ಇನ್ನೊಬ್ಬಳ ಹಸು ಕರು ಹಾಕಿದ್ದು ಕೇಳಿದೆ. ಕಿವಿ ಮಾತ್ರ ಮನೆ ಕಡೆಗಿತ್ತು. ಸದ್ದೇನೂ ಬರಲಿಲ್ಲ. ಹೋಗಿ ನೋಡಿದರೆ ಹುಡುಗಿ ಜಗಲಿಯಿಂದ ಕೆಳಗೆ ಮೆಟ್ಟಿಲುಗಲ್ಲಿನ ಮೇಲೆ ಬಿದ್ದಿದ್ದಳು. ಗದ್ದ ಒಡೆದಿತ್ತು. ಕೈ ಬಳಪವನ್ನು ಬಿಟ್ಟಿರಲಿಲ್ಲ. ಪಕ್ಕಕ್ಕೆ ಹೊರಳಿಸಿದೆ, ಸೆರಗಿನಲ್ಲಿ ಗದ್ದ ಒತ್ತಿ ಹಿಡಿದೆ. ಆಮೇಲೆ ಸ್ಲೇಟು ನೋಡಿದೆ. ಎರಡು ಲೆಕ್ಕ ಮುಗಿದಿತ್ತು. ನನ್ನ ಹೂಂ ಇಲ್ಲದೆ ಅವಳು ಮಾಡಿದ ಮೊದಲ ಲೆಕ್ಕಗಳು ಅವು. ರಕ್ತ ಅವುಗಳ ಮೇಲೇ ಚೆಲ್ಲಿತ್ತು.

ಸಾಯಂಕಾಲ ಮಗಳು ಬಂದು, ನಾನು ಆಸ್ಪತ್ರೆಯಲ್ಲಿ ಹಾಕಿಸಿದ್ದ ಗದ್ದದ ಹೊಲಿಗೆ ನೋಡಿ ಬ್ಯಾಗು ಎಸೆದಳು.

"ಬುಟ್ಬುಟ್ಟು ಯಾಕೋದೆ ನೀನು?"

"ಮೇಷ್ಟ್ರು ಎದ್ದೋಗು ಅಂತ ಏಳವ್ರೆ."

"ಮೇಷ್ಟ್ರು ಬಂದು ಎತ್ತಾರಾ? ಅವ್ಳು ಓದ್ದಿದ್ರೆ ಬ್ಯಾಡ, ಬದುಕಿದ್ರೆ ಸಾಕು ಕಣವ್ವ."

"ನಾನು ಸತ್ರೆ ಎಂಗೆ ಬದುಕಾಳು? ಏಳು, ಅದ್ನೂ ಏಳ್ಬುಡು" ಅಂದೆ.

ಅವಳು ಆ ಬೆಂದ ಬೆರಳುಗಳಿಂದ ಮಗಳ ಕೂದಲು ಬಿಡಿಸುತ್ತ ಕೂತಳು. ನಾನು ಅನ್ನಬಾರದ ಮಾತು ಅಂದಿರಲಿಲ್ಲ. ನನಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ. ಇನ್ನೆಷ್ಟು ದಿನ ನಾನು ಪಕ್ಕದಲ್ಲಿ ಕೂರಬಲ್ಲೆ?

ಅಲ್ಲಿಂದಾಚೆ ಹುಡುಗಿ ನನ್ನ ಸೆರಗು ಹಿಡಿಯದೆ ಓದಲೇ ಇಲ್ಲ. ನಾನು ಹಿತ್ತಲಿಗೆ ಹೋದರೆ ಪುಸ್ತಕ ಮುಚ್ಚಿ ಹಿಂದೆ ಬರುತ್ತಿದ್ದಳು. ಗೋಪಾಲಸ್ವಾಮಿಗೆ ಹರಕೆ ಕಟ್ಟಿಕೊಂಡೆ, ಬೆಟ್ಟಕ್ಕೂ ಹೋಗಿ ಬಂದೆ. ದೇವರೂ ಹೂಂ ಅನ್ನಲಿಲ್ಲ.

ಬೇಸಿಗೆ ರಜೆಗೆ ಮುಂಚೆ ಮೇಷ್ಟ್ರು ನಮ್ಮನ್ನು ಗುಂಡ್ಲುಪೇಟೆ ಶಾಲೆಗೆ ಕರೆಸಿದರು. ಅಲ್ಲಿನ ದೊಡ್ಡ ಮೇಡಂ ಮೊದಲೇ ಹೇಳಿದರು, ಒಂದು ಬೆಳಿಗ್ಗೆ ಮಕ್ಕಳ ನಡುವೆ ಕೂತು ತಾನೇ ಬರೆಯಲಿ, ಕಾಯಿಲೆಗೆ ನಾವು ಹೆದರುವುದಿಲ್ಲ, ಆದರೆ ಕ್ಲಾಸಿಗೆಲ್ಲ ಒಬ್ಬರೇ ಟೀಚರ್ರು, ಇವಳೊಬ್ಬಳ ಪಕ್ಕ ಕೂರಲಾಗುವುದಿಲ್ಲ. ನಾನು ಬೀಗದ ಕೈ ಕೊಡಬೇಡಿ, ಪಕ್ಕಕ್ಕೆ ಹೊರಳಿಸಿ ಅಂತ ಎರಡೆರಡು ಸಲ ಹೇಳಿದೆ. ಹುಡುಗಿಯ ಕೈಯಿಂದ ಸೆರಗು ಬಿಡಿಸಲು ಬೆರಳು ಒಂದೊಂದಾಗಿ ಬಿಚ್ಚಬೇಕಾಯಿತು.

ಕಿಟಕಿಯ ಹತ್ತಿರ ನಿಂತೆ. ಕಳಿಸಿದರು. ಮತ್ತೆ ಬಂದು ನಿಂತೆ. ಆಗ ಬಿಸಿಯೂಟ ಮಾಡುವ ಹೆಂಗಸು ಅಡುಗೆಮನೆಯಿಂದ ಕೂಗಿದಳು.

"ಯಾಕಜ್ಜಿ, ಪೋಲೀಸ್ನೋರಂಗೆ ಕಿಟಕಿ ಕಾಯ್ತಿದ್ದೀಯೆ? ಬಾ, ಈ ಸೊಪ್ಪ ಸೋಸ್ಕೊಡು. ಕೂಲಿ ಇಲ್ಲ, ಸಾರು ಉಯ್ತೀನಿ."

ಸೊಪ್ಪಿನ ರಾಶಿ ದೊಡ್ಡದಿತ್ತು. ಮೊದಲು ಕೈ ಸೊಪ್ಪಿನಲ್ಲಿ, ಜೀವ ಕ್ಲಾಸಿನಲ್ಲಿ. ಅವಳು ತನ್ನ ಅತ್ತೆಯ ಬಾಯಿಯ ಬಗ್ಗೆ ಹೇಳುತ್ತ ಹೋದಳು, ನಾನು ಹೂಂ ಅನ್ನುತ್ತ ಹೋದೆ. ಯಾವಾಗ ಮರೆತೆನೋ ತಿಳಿಯದು. ಊಟದ ಗಂಟೆ ಹೊಡೆದಾಗಲೇ ನನಗೆ ಮೊಮ್ಮಗಳ ನೆನಪಾಗಿದ್ದು. ಎದ್ದು ಓಡಿದೆ. ಅವಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಳು. ಮುಖ ಅತ್ತು ಊದಿತ್ತು, ಆದರೆ ನಿಂತಿದ್ದಳು.

ಮೇಡಂ ಹಾಳೆ ತೋರಿಸಿದರು. ಕೊಟ್ಟದ್ದರಲ್ಲಿ ಅರ್ಧವೂ ಮಾಡಿರಲಿಲ್ಲ. ಮಾಡಿದ್ದೆಲ್ಲ ತಪ್ಪು, ಅದೇ ಹಳೆ ತಪ್ಪು, ನಾನು ಎರಡು ವರ್ಷ ಹೂಂ ಅಂದ ತಪ್ಪು. ತುಂಬ ಹೊತ್ತು ಅತ್ತಳು, ಆಮೇಲೆ ತಾನೇ ಪೆನ್ಸಿಲ್ ಹಿಡಿದಳು ಅಂದರು.

"ಈ ತಪ್ಪು ತಿದ್ದೋದು ನಮ್ಮ ಕೆಲಸ ಅಜ್ಜಿ. ಜೂನ್‌ನಿಂದ ಕಳಿಸಿ. ಒಂದು ತಿಂಗಳು ನೀವೂ ಬನ್ನಿ, ಅಡುಗೆಮನೆ ಹತ್ರ ಇರಿ. ಆಮೇಲೆ ಬರಬೇಡಿ."

ಆಮೇಲೆ ಬರಬೇಡಿ. ಆ ಮಾತು ಇಡೀ ಬೇಸಿಗೆ ನನ್ನ ಕಿವಿಯಲ್ಲಿ ಕೂತಿತ್ತು. ಮಗಳು ಕೇಳಿ ಸಂತೋಷವನ್ನೂ ಪಡಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಒಂದು ತಿಂಗಳು ಸೊಪ್ಪು ಸೋಸಿದೆ. ಆಮೇಲೆ ಪಕ್ಕದ ಮನೆಯ ಹುಡುಗಿಯರ ಜೊತೆ ಬಸ್ಸು ಹತ್ತಿಸಿ ಮನೆಗೆ ಬರುತ್ತಿದ್ದೆ. ಮನೆಯಲ್ಲಿ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಪಕ್ಕದ ಮನೆಯ ಫೋನು ಹೊಡೆದುಕೊಂಡರೆ ಎದೆಯೂ ಹೊಡೆದುಕೊಳ್ಳುತ್ತಿತ್ತು.

ಆಷಾಢದಲ್ಲಿ ಒಂದು ದಿನ ಆ ಫೋನಿಗೆ ಶಾಲೆಯಿಂದ ನನಗೇ ಕರೆ ಬಂತು. ಊಟದ ಸಾಲಿನಲ್ಲಿ ಬಿದ್ದಿದ್ದಳು. ಆ ಅಡುಗೆಯವಳೇ ಪಕ್ಕಕ್ಕೆ ಹೊರಳಿಸಿದ್ದಳು, ಯಾರೂ ಬೀಗದ ಕೈ ತುರುಕಿರಲಿಲ್ಲ. ಮಲಗಿಸಿ ಎಬ್ಬಿಸಿದ್ದೇವೆ, ಮನೆಗೆ ಹೋಗ್ತೀಯಾ ಅಂದರೆ ಬೇಡ ಅಂದಳು, ಕ್ಲಾಸಿನಲ್ಲಿದ್ದಾಳೆ, ನೀವು ಬರುವುದು ಬೇಡ ಅಂದರು.

ನಾನು ಹೋದೆ. ಸಿಕ್ಕಿದ ಬಸ್ಸು ಹತ್ತಿ, ನಿಂತುಕೊಂಡೇ ಹೋದೆ. ಶಾಲೆಯ ಗೇಟು ಹಿಡಿದುಕೊಂಡೆ. ಒಳಗೆ ಮಕ್ಕಳು ಒಟ್ಟಿಗೆ ಏನೋ ಓದುತ್ತಿದ್ದರು. ಅದರಲ್ಲಿ ಅವಳ ಗಂಟಲು ಯಾವುದು ಎಂದು ಎಷ್ಟು ಕಿವಿ ಕೊಟ್ಟರೂ ತಿಳಿಯಲಿಲ್ಲ. ಒಂದು ಸಾಲು ಮುಗಿದು ಎಲ್ಲರೂ ನಿಂತರು. ನನ್ನ ಬಾಯಿಗೆ ಹೂಂ ಬಂದಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಅವರು ಮುಂದಿನ ಸಾಲು ಓದಿದರು. ನಾನು ಒಳಗೆ ಹೋಗದೆ ಬಸ್ ಸ್ಟ್ಯಾಂಡಿಗೆ ನಡೆದೆ. ಸಾಯಂಕಾಲ ಅವಳು ಬಸ್ಸಿಳಿದಾಗ ನಾನು ಬೆಳಿಗ್ಗೆ ನಿಂತಿದ್ದ ಕಡೆಯಲ್ಲೇ ನಿಂತಿದ್ದೆ. ಗುಂಡ್ಲುಪೇಟೆಗೆ ಬಂದಿದ್ದೆ ಅಂತ ಅವಳಿಗೆ ಹೇಳಿಲ್ಲ.