ಒಗದ ಬಿಡ್ರಿ ಅಂದಿದ್ದೆ

ನನ್ನ ಹಳೆಯ ಹಲ್ಲುಜ್ಜುವ ಬ್ರಶ್ಶು ತಾರಸಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಮಲಗಿತ್ತು. ಕೆಳಗೊಂದು ಬಿಳಿ ಬಟ್ಟೆಯ ತುಂಡು, ಪಕ್ಕದ ಹಗ್ಗದಲ್ಲಿ ಮಾವನ ಪಂಚೆ, ಟವೆಲ್ಲು. ಹತ್ತಿರ ಹೋದರೆ ಬಟ್ಟೆ ಸೋಪಿನ ವಾಸನೆ. ಕಸಕ್ಕೆ ಹಾಕಿ ಎಂದು ನಾನೇ ಹೇಳಿದ್ದ ಬ್ರಶ್ಶದು. ಈ ಅರಸೀಕೆರೆ ನನಗೆ ಅರ್ಥವಾಗುವ ಊರಲ್ಲ ಅನ್ನಿಸಿಬಿಟ್ಟಿತು.

ನಾನು ಇಲ್ಲಿಗೆ ಬಂದದ್ದು ಮನೆ ಅಳಿಯನಾಗಿ. ನಮ್ಮ ಗದಗಿನವರಾದ ನೀವು ಈಗಾಗಲೇ ನಕ್ಕಿರುತ್ತೀರಿ, ನಗಿ. ಗಿರಿಜಾ ಒಬ್ಬಳೇ ಮಗಳು, ಇಲ್ಲೇ ಹೈಸ್ಕೂಲಿನಲ್ಲಿ ಟೀಚರು. ಮಾವನದು ಕೊಬ್ಬರಿ ಮಂಡಿ, ಅವರಿಗೂ ಜೊತೆಗೊಬ್ಬರು ಬೇಕಿತ್ತು. ಮದುವೆಯಾದ ಮೇಲೆ ಎರಡು ಪೆಟ್ಟಿಗೆ ಹೊತ್ತು ರೈಲಿಳಿದೆ. ಜೋಳದ ರೊಟ್ಟಿಯ ಜಾಗಕ್ಕೆ ಮುದ್ದೆ ಬಂತು, ನುಂಗಲು ಕಲಿತೆ. ಇಲ್ಲಿ 'ಮಾರಿ ತೊಳೆದುಕೊಳ್ಳುತ್ತೇನೆ' ಅನ್ನಬಾರದು, 'ಮುಖ' ಅನ್ನಬೇಕು ಎಂಬುದನ್ನೂ ಕಲಿತೆ. ಕಲಿಯಲಾಗದ್ದೆಂದರೆ ಇವರು ಕೊಡುವ ಮರ್ಯಾದೆಯನ್ನು ತಡೆದುಕೊಳ್ಳುವುದು.

ಗದಗಿನಲ್ಲಿ ಅಪ್ಪ ನನ್ನನ್ನು ಕರೆಯುವುದೇ 'ಏನಲೇ' ಎಂದು. ಇಲ್ಲಿ ನನಗೆ ಹೆಸರೇ ಇಲ್ಲ. ಮನೆಯಲ್ಲಿ 'ಅಳಿಯಂದ್ರು', ಪೇಟೆಯಲ್ಲಿ 'ಮಂಡಿ ಅಳಿಯಂದ್ರು'. ಮೊದಲ ದೋಸೆ ನನಗೆ, ಫ್ಯಾನಿನ ಕೆಳಗಿನ ಕುರ್ಚಿ ನನಗೆ. ಯಾರೂ ಬೈಯುವುದಿಲ್ಲ, ಯಾರೂ ಕೆಲಸ ಹೇಳುವುದಿಲ್ಲ. ಇಷ್ಟು ಒಳ್ಳೆಯ ಜನರ ನಡುವೆ ನನಗೆ ಬಹಳ ಒಂಟಿತನವಾಗುತ್ತಿತ್ತು.

ಅಂಥ ದಿನಗಳಲ್ಲಿ ನನ್ನ ಬ್ರಶ್ಶಿನ ಕೂದಲು ಎರಡೂ ಕಡೆ ಬಾಗಿ ಮೀಸೆಯಂತಾಗಿತ್ತು. ಹೊಸದನ್ನು ತರಲು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋದೆ. ಗದಗಿನಲ್ಲಿ ಗಟ್ಟಿ ಬ್ರಶ್ಶು ಹಿಡಿದು ಹಲ್ಲನ್ನು ಹಿತ್ತಾಳೆ ತಂಬಿಗೆಯಂತೆ ತಿಕ್ಕಿ ಬೆಳೆದವನು ನಾನು. ಗಿರಿಜಾ ಮಾತ್ರ ಮೆತ್ತನೆಯದೇ ಆಗಬೇಕು ಎಂದಿದ್ದಳು. ಅಂಗಡಿಯವರು ನನ್ನ ಕೈಯಲ್ಲಿದ್ದುದನ್ನು ನೋಡಿ, "ಅದು ಬ್ಯಾಡಿ ಅಳಿಯಂದ್ರೆ, ಒಸಡು ಕಿತ್ತೋಯ್ತದೆ" ಎಂದು ಹಸಿರು ಬಣ್ಣದ ಮೆತ್ತನೆಯದೊಂದನ್ನು ಕೊಟ್ಟರು.

ಮನೆಗೆ ಬಂದು ಹೊಸದನ್ನು ಬಚ್ಚಲ ಲೋಟಕ್ಕೆ ಇಡುವಾಗ ಅತ್ತೆ ಕಸ ಗುಡಿಸುತ್ತಿದ್ದರು. "ಹಳೇದು ಏನ್ ಮಾಡ್ಲಿ?" ಎಂದರು.

"ಒಗದ ಬಿಡ್ರಿ ಅತ್ತಿ" ಎಂದೆ.

ಮಾರನೆಯ ಬೆಳಿಗ್ಗೆ ಅದು ಮತ್ತೆ ಲೋಟದಲ್ಲೇ ನಿಂತಿತ್ತು. ಮರೆತಿರಬೇಕು ಎಂದುಕೊಂಡು, "ಇನ್ನೂ ಹಂಗ ಐತಲ್ರಿ, ಒಗೀರಿ ಅಂದಿದ್ನಲ್ಲ" ಎಂದೆ. ಅತ್ತೆ ಅದನ್ನು ಎತ್ತಿಕೊಂಡು ಹೋದರು. ತಾರಸಿಯ ಮೇಲೆ ಅದನ್ನು ಕಂಡದ್ದು ಆ ಮಧ್ಯಾಹ್ನವೇ.

ಸ್ಕೂಲಿನಿಂದ ಬಂದು ಅಡುಗೆಮನೆಗೆ ಹೋಗಿ ಹೊರಬಂದ ಗಿರಿಜಾಳ ಕಣ್ಣು ಕೆಂಪಾಗಿತ್ತು. "ಅಮ್ಮನ ಕೈಲಿ ಎಂಜಲು ಬ್ರಶ್ ಒಗೆಸಿದ್ರಂತೆ. ಅದೂ ಸರಿಯಾಗಿ ಒಗೆದಿಲ್ಲ ಅಂತ ಎರಡ್ನೇ ಸಲ. ನಮ್ಮಪ್ಪ ಒಂದು ದಿನಾನೂ ಹಾಗೆ ಹೇಳಿದೋರಲ್ಲ. ಹೀಗೇ ಆದ್ರೆ ಬೇರೆ ಮನೆ ನೋಡ್ಕೊಳ್ಳೋಣ, ಅಮ್ಮನ ಮುಖ ನೋಡೋಕಾಗ್ತಿಲ್ಲ ನಂಗೆ."

ಆಗ ತಲೆಗೆ ಹೊಳೆಯಿತು. ಗದಗಿನವರಿಗೆ ಬಿಡಿಸಿ ಹೇಳಬೇಕಿಲ್ಲ, ನಮ್ಮಲ್ಲಿ ಒಗೆಯುವುದೆಂದರೆ ಎಸೆಯುವುದೂ ಹೌದು. ಬಟ್ಟೆಯನ್ನೂ ಒಗೆಯುತ್ತೇವೆ, ಕಲ್ಲನ್ನೂ ಒಗೆಯುತ್ತೇವೆ. ಇಲ್ಲಿ ಒಗೆಯುವುದೆಂದರೆ ಸೋಪು ಹಚ್ಚಿ ತೊಳೆಯುವುದೊಂದೇ.

ಅಡುಗೆಮನೆಯ ಬಾಗಿಲಲ್ಲಿ ನಿಂತೆ. "ಅತ್ತಿ, ತಪ್ಪ ತಿಳೀಬ್ಯಾಡ್ರಿ. ನಮ್ಮ ಕಡೆ ಒಗಿ ಅಂದ್ರ ಎಸಿ ಅಂತರಿ. ನಾನು ಕಸಕ್ಕ ಹಾಕ್ರಿ ಅಂದಿದ್ದು."

ಅತ್ತೆ ಒಲೆ ಆರಿಸಿ ತಿರುಗಿದರು. "ಶಿವನೇ, ನಾನು ಕುದಿಯೋ ನೀರಿಗೂ ಹಾಕಿದ್ನಲ್ಲಪ್ಪ" ಎಂದವರು ಸೆರಗು ಬಾಯಿಗಿಟ್ಟುಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು. "ಅಲ್ಲಪ್ಪ, ಸೀರೆ ಒಗೀರಿ ಅಂದ್ರೆ ನಿಮ್ಮೂರಲ್ಲಿ ಏನ್ ಮಾಡ್ತಾರೆ?"

ನಡುಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ಮಾವನಿಗೆ ಎಲ್ಲ ಕೇಳಿಸಿತ್ತು. ಲೋಟ ಕೆಳಗಿಟ್ಟು, "ಏನ್ಲಾ, ನಾಳೆ ನಮ್ಮನ್ನೂ ಒಗೆದ್ಬಿಡು ಅಂತೀಯೇನ್ಲಾ?" ಎಂದರು.

ಏನ್ಲಾ. ಇಲ್ಲಿ ಗಂಡಸರು ತಮ್ಮತಮ್ಮವರನ್ನು ಕರೆಯುವ ಮಾತದು. ಮಾವ ನನಗೆ ಅದನ್ನು ಹಿಂದೆಂದೂ ಅಂದಿರಲಿಲ್ಲ. ನನಗೆ ಆದ ಖುಷಿಗೆ ಮದುವೆಯಲ್ಲಿ ಹಾಕಿದ ಉಂಗುರವೂ ಸಾಟಿಯಲ್ಲ. ಮಾರನೆಯ ದಿನ ಮಂಡಿಯಲ್ಲಿ ನನಗೂ ಚೀಲ ಹೊಲಿಯುವ ಕೆಲಸ ಸಿಕ್ಕಿತು, ಅಡ್ಡಾದಿಡ್ಡಿ ಹೊಲಿದದ್ದಕ್ಕೆ ಬೈಗುಳವೂ ಸಿಕ್ಕಿತು. ಆ ಬ್ರಶ್ಶನ್ನಂತೂ ಅತ್ತೆ ಕೊನೆಗೂ ಎಸೆಯಲಿಲ್ಲ. ಅದರ ಹಿಡಿಯಿಂದ ಲಂಗಕ್ಕೆ ಲಾಡಿ ಪೋಣಿಸುತ್ತಾರೆ, ಥೇಟ್ ನಮ್ಮ ಅವ್ವನ ಹಾಗೆ.

ಚೀಲ ಹೊಲಿದ ದಿನ ಸಂಜೆ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹೇಳುವ ಉತ್ಸಾಹದಲ್ಲಿ 'ನಮ್ಮನೇಲಿ', 'ನಮ್ ಮಂಡೀಲಿ' ಎಂದು ಇಲ್ಲಿಯ ರಾಗದಲ್ಲೇ ಹೇಳಿದೆನಂತೆ, ನನಗೆ ತಿಳಿಯಲಿಲ್ಲ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸುಸ್ತಾದ ಮೇಲೆ, "ಹಂಗಾರ ನೀವು ಆ ಊರಾವ್ರ ಆದ್ರಿ ಬಿಡ್ರಿ" ಎಂದ.

ತಮಾಷೆಗೇ ಅಂದದ್ದು. ಆದರೂ ಅಪ್ಪನ ಬಾಯಲ್ಲಿ ನನಗೆ 'ನೀವು' ಬಂದದ್ದು ಅದೇ ಮೊದಲು. ಒಮ್ಮೆ 'ಏನಲೇ' ಅನ್ನಪ್ಪ ಎಂದು ಕೇಳೋಣವೆನ್ನುವಷ್ಟರಲ್ಲಿ ಅವನು ಫೋನ್ ಇಟ್ಟಿದ್ದ.